ಲೇಬಲ್ ಓದುವುದರಿಂದ ಎಣ್ಣೆ ಗಟ್ಟಿ ಮಾಡುವವರೆಗೆ: ಟೋಕಿಯೋದ ನಮ್ಮ ಮನೆಯಲ್ಲಿ ಕಟ್ಸು ಕರ್ರಿ

ಟೋಕಿಯೋದಲ್ಲಿ ಕಟ್ಸು ಕರ್ರಿ ಸಿಗದ ಬಡಾವಣೆ ಇಲ್ಲ. ತಟ್ಟೆಯಲ್ಲಿ ಬಿಸಿ ಅನ್ನ, ಅದರ ಮೇಲೆ ಬ್ರೆಡ್ ಪುಡಿ ಹಚ್ಚಿ ಕರಿದ ಮಾಂಸದ ದೊಡ್ಡ ತುಂಡು, ಪಕ್ಕದಲ್ಲಿ ಕಂದು ಬಣ್ಣದ ಮಂದ ಕರ್ರಿ. ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ 1,000 ಯೆನ್ ಆಸುಪಾಸಿಗೆ ಹೊಟ್ಟೆ ತುಂಬುತ್ತದೆ. ನಮ್ಮ ಮನೆಯಲ್ಲಿ ಕೋಳಿ, ಮೊಟ್ಟೆ ನಡೆಯುತ್ತದೆ. ದನ, ಹಂದಿ ನಡೆಯುವುದಿಲ್ಲ. ಹಾಗಾದರೆ ಚಿಕನ್ ಕಟ್ಸು ತಗೊಂಡರೆ ಆಯ್ತಲ್ಲ ಎಂದು ಊರಿನವರು ಫೋನಿನಲ್ಲಿ ಕೇಳುತ್ತಾರೆ. ಮೇಲಿನ ತುಂಡು ಕೋಳಿಯದೇ ಆದರೂ ಕರ್ರಿಯೊಳಗೆ ದನದ ಕೊಬ್ಬು, ಹಂದಿ ಕೊಬ್ಬು ಇರುವುದೇ ಜಾಸ್ತಿ. ಹಾಗಾಗಿ ಟೋಕಿಯೋದ ನಿಶಿಕಸಾಯ್‌ಗೆ ಬಂದಾಗಿನಿಂದ ಆ ವಾಸನೆ ದಾಟಿ ಮುಂದೆ ನಡೆಯುವುದೇ ಅಭ್ಯಾಸವಾಗಿಬಿಟ್ಟಿತ್ತು.

ಕೊನೆಗೂ ಮನೆಯಲ್ಲೇ ಮಾಡಿದೆವು. ಡಬ್ಬದ ಕರ್ರಿ ಇಲ್ಲದೆ, ಮೊದಲಿನಿಂದ ಕೊನೆಯವರೆಗೆ. ನಮ್ಮ ಹಾಗೆ ಇಲ್ಲಿ ಬಂದಿರುವ ಕನ್ನಡದವರು ಇದೇ ಪ್ರಶ್ನೆಗಳನ್ನು ಹಿಡಿದು ಅಂಗಡಿಯಲ್ಲಿ ನಿಲ್ಲುವುದನ್ನು ನೋಡಿದ್ದೇನೆ. ಅದಕ್ಕೇ ಎಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ಶುರುವಾಗಿದ್ದು ಮಗಳಿಂದ. ಅವಳು ಇಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗುತ್ತಾಳೆ. ಪ್ರತಿ ತಿಂಗಳ ಕೊನೆಗೆ ಶಾಲೆಯಿಂದ ಮುಂದಿನ ತಿಂಗಳ ಊಟದ ಪಟ್ಟಿ ಬರುತ್ತದೆ. ಯಾವ ದಿನ ಏನು ಅಡುಗೆ, ಅದಕ್ಕೆ ಏನೇನು ಸಾಮಾನು, ಎಲ್ಲ ಅದರಲ್ಲಿ ಇರುತ್ತದೆ. ನಾನು ಕೆಂಪು ಪೆನ್ನು ಹಿಡಿದು ದನ, ಹಂದಿ ಇರುವ ದಿನಗಳಿಗೆ ಸುತ್ತು ಹಾಕುತ್ತೇನೆ. ಆ ದಿನ ಮನೆಯಿಂದ ಡಬ್ಬಿ. ಕರ್ರಿಯ ದಿನಕ್ಕೆ ಸುತ್ತು ಬೀಳದ ತಿಂಗಳೇ ಇಲ್ಲ. ಇಲ್ಲಿನ ಮಕ್ಕಳು ಕಾಯುವ ದಿನ ಅದೇ. 1982ರಲ್ಲಿ ಜನವರಿ 22ರಂದು ದೇಶದ ಶಾಲೆಗಳಲ್ಲೆಲ್ಲ ಒಟ್ಟಿಗೆ ಕರ್ರಿ ಬಡಿಸಬೇಕು ಎಂದು ಗೊತ್ತು ಮಾಡಿದ್ದರಂತೆ. ಈಗಲೂ ಆ ದಿನವನ್ನು ಕರ್ರಿ ದಿನ ಎನ್ನುತ್ತಾರೆ. ಅಷ್ಟು ಪ್ರೀತಿ.

"ಅಮ್ಮಾ, ಆ ದಿನ ಇಡೀ ಕ್ಲಾಸು ಒಂದೇ ವಾಸನೆ ಬರುತ್ತೆ. ನನ್ನ ಡಬ್ಬಿ ಮಾತ್ರ ಬೇರೆ" ಎಂದಳು ಒಂದು ಸಂಜೆ. ಅಳಲಿಲ್ಲ, ಹಟ ಮಾಡಲಿಲ್ಲ. ಸುಮ್ನೆ ಹೇಳಿದಳು. ನನಗೆ ಅದು ಮನಸ್ಸಿನಲ್ಲೇ ಕೂತುಬಿಟ್ಟಿತು. ಒಂದು ಭಾನುವಾರ ಮಾಡಿಯೇ ಬಿಡೋಣ ಎಂದೆ. ಕೆಳಗಿನ ಮಹಡಿಯಲ್ಲಿ ಧಾರವಾಡದ ಗೆಳತಿ ಇದ್ದಾರೆ. ಅವರ ಮಗನೂ ಇವಳ ಕ್ಲಾಸೇ. ಅವರ ಮನೆಯಲ್ಲಿ ಮೊಟ್ಟೆಯೂ ಇಲ್ಲ. ವಿಷಯ ಕೇಳಿ, "ಅಕ್ಕಾರ, ನಮ್ಮ ಹುಡುಗಗೂ ಆಗೋ ಹಂಗ ಮಾಡಾಕ ಬರ್ತೈತೇನ್ರೀ?" ಎಂದರು. ಬರುತ್ತದೆ ಎಂದೆ. ಆಮೇಲೆ ಲೆಕ್ಕ ಹಾಕಿದೆ: ಕರ್ರಿ ಪೂರ್ತಿ ಸಸ್ಯಾಹಾರ ಆಗಬೇಕು. ಕರಿಯುವ ತುಂಡು ಮಾತ್ರ ಎರಡು ಥರ, ನಮಗೆ ಕೋಳಿ, ಅವರಿಗೆ ಕುಂಬಳಕಾಯಿ ಮತ್ತು ತೋಫು.

ಮೊದಲ ಕಷ್ಟ ಸೂಪರ್ ಮಾರ್ಕೆಟ್ಟಿನಲ್ಲಿ. ಇಲ್ಲಿನ ಮನೆಗಳಲ್ಲಿ ಹೆಚ್ಚಿನವರು ಕರ್ರಿಯನ್ನು ಮೊದಲಿನಿಂದ ಮಾಡುವುದಿಲ್ಲ. ಚಾಕೊಲೇಟ್ ಥರ ಬಿಲ್ಲೆ ಬಿಲ್ಲೆಯಾಗಿ ಮುರಿಯುವ ಗಟ್ಟಿ ಕರ್ರಿ ಡಬ್ಬದಲ್ಲಿ ಬರುತ್ತದೆ. ಅದಕ್ಕೆ ರೂ ಎನ್ನುತ್ತಾರೆ. ಮೈದಾ, ಕೊಬ್ಬು, ಮಸಾಲೆ ಮೂರೂ ಸೇರಿಸಿ ಹುರಿದು ಗಟ್ಟಿ ಮಾಡಿದ್ದು. ತರಕಾರಿ ಬೇಯಿಸಿ ಇದನ್ನು ಮುರಿದು ಹಾಕಿದರೆ ಮುಗಿಯಿತು. ಅಂಗಡಿಯಲ್ಲಿ ಇದಕ್ಕೇ ಒಂದು ಇಡೀ ಸಾಲು. 1963ರಲ್ಲಿ ಹೌಸ್ ಕಂಪನಿಯ ವರ್ಮಾಂಟ್ ಕರ್ರಿ ಬಂತು. ಸೇಬು, ಜೇನುತುಪ್ಪ ಹಾಕಿ ಮಕ್ಕಳೂ ತಿನ್ನುವ ಹಾಗೆ ಸಿಹಿ ಮಾಡಿದ್ದು. ಎಸ್ ಅಂಡ್ ಬಿಯವರ ಗೋಲ್ಡನ್ ಕರ್ರಿ 1966ರದ್ದು. ಇವತ್ತಿಗೂ ಅವೇ ಕಣ್ಣಿನ ಎತ್ತರದ ಶೆಲ್ಫಿನಲ್ಲಿ ಇರುತ್ತವೆ.

ಡಬ್ಬದ ಹಿಂದೆ ಓದುವುದು ಹೇಗೆ ಎಂದು ಹೇಳುತ್ತೇನೆ, ಇದು ಬರೀ ಕರ್ರಿಗಲ್ಲ, ಇಲ್ಲಿ ಏನೇ ಕೊಂಡರೂ ಬೇಕಾಗುತ್ತದೆ. ಸಾಮಾನುಗಳನ್ನು ತೂಕ ಜಾಸ್ತಿ ಇರುವುದರಿಂದ ಕಡಿಮೆ ಇರುವುದರ ಕಡೆಗೆ ಬರೆದಿರುತ್ತಾರೆ. 'ಗ್ಯೂಶಿ' ಎಂದರೆ ದನದ ಕೊಬ್ಬು. 'ತೊನ್ಶಿ' ಎಂದರೆ ಹಂದಿಯದು. ಈ ಎರಡರ ಚಿತ್ರಲಿಪಿ ಫೋನಿನಲ್ಲಿ ಉಳಿಸಿಕೊಳ್ಳಿ. ಕೆಲವು ಕಡೆ ಇವು ಯಾವುದೂ ಇರುವುದಿಲ್ಲ, ಬರೀ 'ಶೊಕುಯೋ ಯುಶಿ' ಎಂದಿರುತ್ತದೆ. ಅಂದರೆ ಅಡುಗೆ ಕೊಬ್ಬು, ಯಾವುದರದ್ದು ಎಂದು ಗೊತ್ತಾಗುವುದಿಲ್ಲ. ಆಗ ಸಾಲಿನ ಕೊನೆಗೆ ಹೋಗಿ. ಅಲ್ಲಿ ಅಲರ್ಜಿ ಇರುವವರಿಗಾಗಿ, ಇದರಲ್ಲಿ ಗೋಧಿ, ಹಾಲು, ಸೋಯಾ, ದನ, ಹಂದಿ, ಕೋಳಿ ಸೇರಿದೆ ಎಂದು ಆವರಣದಲ್ಲಿ ಕೊಟ್ಟಿರುತ್ತಾರೆ. ಗೋಧಿ, ಹಾಲು, ಮೊಟ್ಟೆ ಮುಂತಾದವನ್ನು ಬರೆಯುವುದು ಕಡ್ಡಾಯ. ದನ, ಹಂದಿ, ಕೋಳಿ ಕಡ್ಡಾಯವಲ್ಲ, ಬರೆದರೆ ಒಳ್ಳೆಯದು ಎಂಬ ಪಟ್ಟಿಯಲ್ಲಿವೆ. ದೊಡ್ಡ ಕಂಪನಿಗಳು ಬರೆಯುತ್ತವೆ. ಆದರೂ ಆ ಸಾಲಿನಲ್ಲಿ ಇಲ್ಲ ಎಂದ ಮಾತ್ರಕ್ಕೆ ನಿಶ್ಚಿಂತೆಯಾಗಿ ಬುಟ್ಟಿಗೆ ಹಾಕಲು ನನಗೆ ಮನಸ್ಸು ಬರಲಿಲ್ಲ. ಫೋನಿನ ಕ್ಯಾಮೆರಾ ಅನುವಾದ ಸಹಾಯ ಮಾಡುತ್ತದೆ, ಆದರೆ ಸಣ್ಣ ಅಕ್ಷರ, ಹೊಳೆಯುವ ಕಾಗದ ಎರಡೂ ಸೇರಿದರೆ ಅದು ತಪ್ಪು ಓದುತ್ತದೆ. ಅಕ್ಷರದ ಆಕಾರ ನೀವೇ ಗುರುತು ಹಿಡಿಯುವುದು ಒಳ್ಳೆಯದು.

ಆ ಸಾಲಿನಲ್ಲಿ ನಿಂತು ಒಂದೊಂದೇ ಡಬ್ಬ ತಿರುಗಿಸಿ ನೋಡಿ ವಾಪಸ್ ಇಡುತ್ತಾ ಹೋದೆ. ಮಗಳು ಪಕ್ಕದಲ್ಲೇ ನಿಂತು, "ಇದೂ ಇಲ್ವಾ?" ಎಂದು ಕೇಳುತ್ತಿದ್ದಳು. ಹಲಾಲ್ ಅಂಗಡಿಗಳಲ್ಲಿ, ಇಂಟರ್ನೆಟ್ಟಿನಲ್ಲಿ ಪ್ರಾಣಿ ಕೊಬ್ಬಿಲ್ಲದ ರೂ ಸಿಗುತ್ತದೆ. ಸಮಯ ಇಲ್ಲದವರಿಗೆ ಅದು ಒಳ್ಳೆಯ ದಾರಿ. ನಾನು ಮಸಾಲೆಗಳ ಶೆಲ್ಫಿಗೆ ಹೋದೆ. ಅಲ್ಲಿ ಎಸ್ ಅಂಡ್ ಬಿಯವರ ಕೆಂಪು ತಗಡಿನ ಡಬ್ಬಿ ಇತ್ತು. ಚಿಕ್ಕದು, 37 ಗ್ರಾಂನದ್ದು, 300 ಯೆನ್ ಚಿಲ್ಲರೆ. ಅದು ರೂ ಅಲ್ಲ, ಬರೀ ಕರ್ರಿ ಪುಡಿ. ಹಿಂದೆ ಓದಿದರೆ ಎಲ್ಲ ನಮ್ಮ ಮನೆಯ ಡಬ್ಬಿಗಳೇ: ಅರಿಶಿನ, ಕೊತ್ತಂಬರಿ, ಜೀರಿಗೆ, ಮೆಂತ್ಯ, ಮೆಣಸು, ಒಣಮೆಣಸಿನಕಾಯಿ. ಒಂದೇ ಒಂದು ಹೊಸದು, ಕಿತ್ತಳೆಯ ಒಣಗಿದ ಸಿಪ್ಪೆ. ಮೂಗಿಗೆ ಹಿಡಿದರೆ ಆ ಸಿಪ್ಪೆಯ ವಾಸನೆಯೇ ಇದನ್ನು ನಮ್ಮ ಹುಳಿಪುಡಿಯಿಂದ ಬೇರೆ ಮಾಡುತ್ತದೆ. ಕೊಬ್ಬಿಲ್ಲ, ಮಾಂಸದ ರಸವಿಲ್ಲ. ಇದನ್ನು ಹಿಡಿದುಕೊಂಡು ರೂ ನಾವೇ ಮಾಡಿಕೊಂಡರೆ ಆಯ್ತು ಎಂದು ಅಲ್ಲೇ ನಿರ್ಧಾರ ಮಾಡಿದೆ.

ಉಳಿದ ಸಾಮಾನಿಗೂ ಲೇಬಲ್ ಬಿಡಬೇಡಿ. ಪಾಂಕೋ, ಅಂದರೆ ಇಲ್ಲಿನ ದಪ್ಪ ಬ್ರೆಡ್ ಪುಡಿ, ಕೆಲವದರಲ್ಲಿ ಶಾರ್ಟನಿಂಗ್ ಎಂಬ ಗಟ್ಟಿ ಕೊಬ್ಬು ಇರುತ್ತದೆ. ಅದು ಗಿಡದ್ದೋ ಹಂದಿಯದ್ದೋ ನೋಡಬೇಕು. ಟೊಂಕಟ್ಸು ಎಂದರೆ ಹಂದಿ ಕಟ್ಲೆಟ್, ಆದರೆ ಟೊಂಕಟ್ಸು ಸಾಸಿನ ಹೆಸರು ಕೇಳಿ ಹೆದರಬೇಡಿ. ಬುಲ್‌ಡಾಗ್ ಬ್ರ್ಯಾಂಡಿನದ್ದು ಟೊಮೆಟೊ, ಸೇಬು, ಒಣ ಪ್ಲಮ್, ವಿನೆಗರ್, ಇಂಥದ್ದರಿಂದ ಮಾಡಿದ್ದು. ಕೆಂಪು ಉಪ್ಪಿನಕಾಯಿ ಫುಕುಜಿನ್‌ಜುಕೆಯಲ್ಲಿ ಮೂಲಂಗಿ, ಬದನೆ, ತಾವರೆ ದಂಟು ಎಲ್ಲ ಇದ್ದರೂ ಕೆಲವು ಪ್ಯಾಕೆಟ್ಟಿನಲ್ಲಿ ಮೀನಿನ ರಸ ಸೇರಿಸಿರುತ್ತಾರೆ. ಅದಕ್ಕೇ ಗೆಳತಿಯ ಮನೆಯವರಿಗೆ ರಕ್ಯೋ ತಗೊಂಡೆ. ಸಣ್ಣ ಈರುಳ್ಳಿಯಂಥ ಗಡ್ಡೆಯನ್ನು ಸಿಹಿ ಹುಳಿಯಲ್ಲಿ ನೆನೆಸಿದ್ದು. ಅದರ ಪ್ಯಾಕೆಟ್ಟನ್ನೂ ಓದಿಯೇ ತಗೊಂಡೆ.

ಅಡುಗೆ ಶುರುವಾಗಿದ್ದು ಶುಕ್ರವಾರ ರಾತ್ರಿ. ಒಂದು ಲೀಟರ್ ನೀರಿಗೆ 10 ಗ್ರಾಂ ಕೊಂಬು, ಅಂದರೆ ಸಮುದ್ರದ ಒಣ ಎಲೆ, ಮತ್ತು ನಾಲ್ಕು ಒಣ ಶಿಟಾಕೆ ಅಣಬೆ ಹಾಕಿ ಫ್ರಿಜ್ಜಿನಲ್ಲಿಟ್ಟೆ. ಬೆಳಗ್ಗೆಗೆ ತಿಳಿ ಕಂದು ನೀರು ಸಿದ್ಧ. ಮೂಳೆ ಬೇಯಿಸಿದ ರಸದ ಜಾಗಕ್ಕೆ ಇದು ಸಾಕು. ಅಣಬೆ ಬಿಸಾಡಬೇಡಿ, ಸಣ್ಣಗೆ ಹೆಚ್ಚಿ ಕರ್ರಿಗೇ ಹಾಕಿ.

ಶನಿವಾರ ಮಧ್ಯಾಹ್ನ ಈರುಳ್ಳಿ. ಮೂರು ದೊಡ್ಡವು, ಸುಮಾರು 600 ಗ್ರಾಂ, ತೆಳ್ಳಗೆ ಹೆಚ್ಚಿ ಎಣ್ಣೆಯಲ್ಲಿ ಮುಕ್ಕಾಲು ಗಂಟೆ ಹುರಿಯಬೇಕು. ಸಾಗುವಿಗೆ ಬಾಡಿಸುವ ಹಾಗಲ್ಲ. ಮೊದಲು ನೀರು ಬಿಡುತ್ತದೆ, ಆಮೇಲೆ ಮೆತ್ತಗಾಗುತ್ತದೆ, ಆಮೇಲೆ ತಳಕ್ಕೆ ಅಂಟಲು ಶುರು. ಅಂಟಿದಾಗ ಎರಡು ಚಮಚ ನೀರು ಚಿಮುಕಿಸಿ ಉಜ್ಜಿ. ಆ ಕಂದು ಬಣ್ಣವೇ ಕರ್ರಿಯ ಬಣ್ಣ. ಹೊತ್ತು ಉಳಿಸಬೇಕೆಂದರೆ ಹೆಚ್ಚಿದ ಈರುಳ್ಳಿಯನ್ನು ಹಿಂದಿನ ದಿನ ಫ್ರೀಜರಿಗೆ ಹಾಕಿಡಿ, ಬೇಗ ನೀರು ಬಿಟ್ಟು ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಜಾಮಿನಂತೆ ಒಂದು ಹಿಡಿ ಉಳಿದಾಗ ತುರಿದ ಶುಂಠಿ, ಬೆಳ್ಳುಳ್ಳಿ ಹಾಕಿದೆ. ಹಸಿ ವಾಸನೆ ಹೋದ ಮೇಲೆ ಕ್ಯಾರೆಟ್, ಅಣಬೆ, ಅರ್ಧ ಸೇಬಿನ ತುರಿ, ಒಂದು ದೊಡ್ಡ ಚಮಚ ಜೇನುತುಪ್ಪ, ನೆನೆಸಿಟ್ಟ ನೀರು.

ಜೇನುತುಪ್ಪ ಈಗಲೇ ಹಾಕಬೇಕು, ಕೊನೆಗೆ ಬೇಡ. ಜೇನಿನಲ್ಲಿರುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಮೈದಾ ಹಾಕಿ ಮಂದ ಮಾಡಿದ ಮೇಲೆ ಜೇನು ಸೇರಿಸಿದರೆ ಕರ್ರಿ ಸಾರಿನ ಹಾಗೆ ನೀರಾಗುತ್ತದೆ. ಮೊದಲೇ ಹಾಕಿ ಇಪ್ಪತ್ತು ನಿಮಿಷ ಕುದಿಸಿದರೆ ಕಿಣ್ವದ ಕೆಲಸ ನಿಂತುಹೋಗುತ್ತದೆ. ನಮ್ಮ ಎಂಜಲಿನಲ್ಲೂ ಅದೇ ಕಿಣ್ವ ಇದೆ. ಎಂಜಲು ಸೌಟನ್ನು ಪಾತ್ರೆಗೆ ಅದ್ದಬೇಡ ಎಂದು ಅಜ್ಜಿ ಬೈಯುತ್ತಿದ್ದರಲ್ಲ, ಈ ಅಡುಗೆಗೆ ಆ ಮಾತು ಅಕ್ಷರಶಃ ಸರಿ. ರುಚಿ ನೋಡಲು ಬೇರೆ ಚಮಚ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮರುದಿನಕ್ಕೆ ತೆಳ್ಳಗಾಗಿರುತ್ತದೆ. ಇನ್ನೊಂದು ಮಾತು: ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಹಾಕಿದ ಅಡುಗೆ ಕೊಡಲೇಬಾರದು, ಬೇಯಿಸಿದ್ದಾದರೂ ಅಷ್ಟೇ.

ಈಗ ರೂ. ನನಗೆ ಎಲ್ಲಕ್ಕಿಂತ ಭಯ ಇದ್ದದ್ದು ಇದಕ್ಕೇ. ದಪ್ಪ ತಳದ ಪಾತ್ರೆಯಲ್ಲಿ 60 ಗ್ರಾಂ ಬೆಣ್ಣೆ ಕರಗಿಸಿ 70 ಗ್ರಾಂ ಮೈದಾ ಹಾಕಿದೆ. ಇಲ್ಲಿ ಮೈದಾ ಕೇಳಿದರೆ ಎರಡು ಮೂರು ಥರ ಇರುತ್ತದೆ, 'ಹಕುರಿಕಿಕೋ' ಎಂದಿರುವುದನ್ನು ತಗೊಳ್ಳಿ. ಸಣ್ಣ ಉರಿ, ಮರದ ಸೌಟು, ಕೈ ನಿಲ್ಲಿಸುವ ಹಾಗಿಲ್ಲ. ಮೊದಲು ಒದ್ದೆ ಹಿಟ್ಟಿನ ಮುದ್ದೆ. ಐದು ನಿಮಿಷಕ್ಕೆ ಸಡಿಲವಾಗಿ ನೊರೆ ನೊರೆ ಬರುತ್ತದೆ. ಹತ್ತು ನಿಮಿಷಕ್ಕೆ ಬಿಸ್ಕತ್ತಿನ ವಾಸನೆ. ಅಲ್ಲಿಗೆ ನಿಲ್ಲಿಸಬೇಕು ಅನ್ನಿಸುತ್ತದೆ, ನಿಲ್ಲಿಸಬೇಡಿ. ಇಪ್ಪತ್ತು ನಿಮಿಷ ದಾಟಿದ ಮೇಲೆ ಹುರಿದ ಕಡಲೆಬೀಜದ ಸಿಪ್ಪೆಯ ಬಣ್ಣ ಬರುತ್ತದೆ. ಆಗ ಒಲೆ ಆರಿಸಿ, ಎರಡು ತುಂಬು ಚಮಚ ಕರ್ರಿ ಪುಡಿ ಹಾಕಿ ಆ ಬಿಸಿಯಲ್ಲೇ ತಿರುಗಿಸಬೇಕು. ಉರಿಯಲ್ಲಿ ಹಾಕಿದರೆ ಪುಡಿ ಸೀದು ಕಹಿಯಾಗುತ್ತದೆ. ಪುಡಿ ಬಿದ್ದ ಕ್ಷಣ ಮನೆಯೆಲ್ಲ ಆ ವಾಸನೆ ತುಂಬಿತು. ಒಳಗಿನ ಕೋಣೆಯಿಂದ ಮಗಳು ಓಡಿ ಬಂದು, "ಇದೇ, ಇದೇ ಅಮ್ಮಾ" ಎಂದಳು.

ಕುದಿಯುತ್ತಿರುವ ತರಕಾರಿ ನೀರನ್ನು ಒಂದೊಂದೇ ಸೌಟು ಈ ರೂಗೆ ಹಾಕಿ ಕದಡಬೇಕು. ಒಮ್ಮೆಗೇ ಸುರಿದರೆ ಗಂಟು. ನಾಲ್ಕೈದು ಸೌಟು ಸೇರಿ ಪೇಸ್ಟಿನಂತಾದ ಮೇಲೆ ಅದನ್ನು ದೊಡ್ಡ ಪಾತ್ರೆಗೆ ಸುರಿಯಿರಿ. ಆಮೇಲೆ ಆಲೂಗಡ್ಡೆ. ಇಲ್ಲಿ 'ಮೇ ಕ್ವೀನ್' ಎಂಬ ಉದ್ದನೆಯದು ಬೆಂದರೂ ಒಡೆಯುವುದಿಲ್ಲ. ದುಂಡಗಿನ 'ದಾನ್‌ಶಾಕು' ಪುಡಿಯಾಗುತ್ತದೆ, ಅದು ಬೋಂಡಾಕ್ಕೆ ಚೆಂದ. ಟೊಂಕಟ್ಸು ಸಾಸ್ ಒಂದು ಚಮಚ, ಸೋಯಾ ಸಾಸ್ ಒಂದು ಚಮಚ, ಕೆಚಪ್ ಎರಡು ಚಮಚ, ಕಪ್ಪು ಚಾಕೊಲೇಟ್ ಒಂದು ಸಣ್ಣ ತುಂಡು, ಉಪ್ಪು. ಚಾಕೊಲೇಟ್ ಹಾಕಿದ್ದು ಗೊತ್ತಾಗಬಾರದು, ಹಾಕದಿದ್ದರೆ ಏನೋ ಕಡಿಮೆ ಅನ್ನಿಸಬೇಕು, ಅಷ್ಟೇ. ಇಲ್ಲಿನವರೂ ಹೀಗೆ ಕೊನೆಯಲ್ಲಿ ಒಂದು ಚೂರು ಏನಾದರೂ ಗುಟ್ಟಾಗಿ ಸೇರಿಸುತ್ತಾರೆ, ಕೆಲವರು ಕಾಫಿ ಪುಡಿಯನ್ನೂ ಹಾಕುತ್ತಾರೆ.

ಈ ಹಂತದಲ್ಲಿ ಕೈ ತಾನಾಗೇ ಸಾಸಿವೆ ಡಬ್ಬಿಯ ಕಡೆ ಹೋಗುತ್ತದೆ. ಒಂದು ಒಗ್ಗರಣೆ, ನಾಲ್ಕು ಕರಿಬೇವು ಬಿದ್ದರೆ ಎಷ್ಟು ಚೆನ್ನ ಅನ್ನಿಸುತ್ತದೆ. ದಯವಿಟ್ಟು ಬೇಡ. ಇದು ನಮ್ಮಿಂದ ಹೊರಟು ಇಂಗ್ಲೆಂಡಿಗೆ ಹೋಗಿ, ಅಲ್ಲಿ ಮೈದಾ ಸೇರಿಸಿಕೊಂಡು, ಮೇಜಿ ಚಕ್ರವರ್ತಿಯ ಕಾಲದಲ್ಲಿ ಜಪಾನಿಗೆ ಬಂದ ಅಡುಗೆ. 1872ರಲ್ಲೇ ಇಲ್ಲಿನ ಅಡುಗೆ ಪುಸ್ತಕಗಳಲ್ಲಿ ಕರ್ರಿ ಅಚ್ಚಾಗಿದೆ. ಆಮೇಲೆ ನೌಕಾಪಡೆಯ ಊಟವಾಯಿತು, 1908ರ ಅವರ ಅಡುಗೆ ಕೈಪಿಡಿಯಲ್ಲಿ ಮಾಡುವ ವಿಧಾನ ಇದೆ. ಈಗಲೂ ಕಡಲ ಪಡೆಯ ಹಡಗುಗಳಲ್ಲಿ ಶುಕ್ರವಾರ ಕರ್ರಿ. ಭಾರತದ ರೀತಿಯದ್ದೇ ಬೇಕೆಂದರೆ ಅದಕ್ಕೂ ಇಲ್ಲಿ ಬೇರೆ ಚರಿತ್ರೆ ಇದೆ. ಬ್ರಿಟಿಷರಿಂದ ತಪ್ಪಿಸಿಕೊಂಡು ಬಂದ ರಾಸ್ ಬಿಹಾರಿ ಬೋಸ್ ತಮ್ಮ ಮಾವನ ಮನೆಯವರ ಅಂಗಡಿ, ಶಿಂಜುಕುವಿನ ನಕಮುರಾಯಾದಲ್ಲಿ 1927ರಲ್ಲಿ ಭಾರತದ ಕರ್ರಿ ಶುರು ಮಾಡಿಸಿದರು. ಅಲ್ಲಿ ಇವತ್ತಿಗೂ ಅದು ಸಿಗುತ್ತದೆ. ಕಟ್ಸು ಕರ್ರಿ ಬೇರೆ ಮನೆತನ. ಅದರ ಸಿಹಿ, ಅದರ ಮಂದ ಇರುವ ಹಾಗೇ ಇರಲಿ.

ಕರ್ರಿ ಒಂದು ರಾತ್ರಿ ಕಳೆದರೆ ರುಚಿ ಏರುತ್ತದೆ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ, ನಿಜ. ಆದರೆ ಒಲೆಯ ಮೇಲೆ ಮುಚ್ಚಿ ಬಿಡಬೇಡಿ. ಪಕ್ಕದ ಮನೆಯ ಜಪಾನಿ ಅಜ್ಜಿ ಇದನ್ನು ನನಗೆ ಎಚ್ಚರಿಸಿ ಹೇಳಿದರು. ಮಂದ ಅಡುಗೆಯ ತಳದಲ್ಲಿ ಗಾಳಿ ಆಡುವುದಿಲ್ಲ. ಅಲ್ಲಿ ವೆಲ್ಶ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದರ ಬೀಜಕಗಳು ಕುದಿಸಿದರೂ ಸಾಯುವುದಿಲ್ಲ, ಬಿಸಿ ಇಳಿದು ಉಗುರು ಬೆಚ್ಚಗಾದಾಗ ಬೇಗ ಹೆಚ್ಚುತ್ತವೆ. ಇಲ್ಲಿನ ಆರೋಗ್ಯ ಇಲಾಖೆಯೂ ಕರ್ರಿ ವಿಷಯದಲ್ಲಿ ಇದನ್ನೇ ಹೇಳುತ್ತದೆ. ನಾನು ಕರ್ರಿಯನ್ನು ಅಗಲವಾದ ಡಬ್ಬಿಗಳಿಗೆ ಹಂಚಿ, ಐಸ್ ನೀರಿನಲ್ಲಿಟ್ಟು ಆರಿಸಿ, ಫ್ರಿಜ್ಜಿಗೆ ಸೇರಿಸಿದೆ. ಮರುದಿನ ತಳದಿಂದ ಕೈಯಾಡಿಸುತ್ತಾ ಚೆನ್ನಾಗಿ ಕುದಿಸಿದೆ.

ಭಾನುವಾರದ ಕೆಲಸ ಕರಿಯುವುದು. ಸಂಜೆ ಹೊತ್ತಿಗೆ ಹಸಿ ಪಾಂಕೋ ಶೆಲ್ಫಿನಲ್ಲಿ ಖಾಲಿಯಾಗಿತ್ತು. ಒಣ ಪಾಂಕೋ ಇತ್ತು. ಅದನ್ನೇ ತಂದು, ಕೈಯಲ್ಲಿ ಒಂದು ಚಮಚ ನೀರು ಚಿಮುಕಿಸಿ ಹತ್ತು ನಿಮಿಷ ಬಿಟ್ಟರೆ ಮೆತ್ತಗಾಗಿ ಹಸಿಯದರಂತೆಯೇ ನಿಲ್ಲುತ್ತದೆ. ಇದೂ ಅಜ್ಜಿ ಹೇಳಿಕೊಟ್ಟ ಉಪಾಯ.

ಕೋಳಿಯ ಎದೆ ಮಾಂಸ ಎರಡು ತುಂಡು, ಒಟ್ಟು 600 ಗ್ರಾಂ. ದಪ್ಪ ಭಾಗವನ್ನು ಚಾಕುವಿನಲ್ಲಿ ಪುಸ್ತಕದಂತೆ ಬಿಡಿಸಿ, ಪ್ಲಾಸ್ಟಿಕ್ ಹಾಳೆಯ ಕೆಳಗಿಟ್ಟು ಲಟ್ಟಣಿಗೆಯಿಂದ ಮೆಲ್ಲಗೆ ತಟ್ಟಿದೆ. ಎಲ್ಲ ಕಡೆ ಒಂದೂವರೆ ಸೆಂಟಿಮೀಟರ್ ಇದ್ದರೆ ಒಟ್ಟಿಗೆ ಬೇಯುತ್ತದೆ. ಉಪ್ಪು, ಮೆಣಸಿನ ಪುಡಿ ಹಾಕಿ ಅರ್ಧ ಗಂಟೆ. ಆಮೇಲೆ ನೀರನ್ನು ಕಾಗದದಲ್ಲಿ ಒತ್ತಿ ತೆಗೆಯಬೇಕು. ಒದ್ದೆ ಇದ್ದರೆ ಕರಿಯುವಾಗ ಕವಚ ಕಳಚಿ ಬರುತ್ತದೆ. ಮೈದಾ, ಮೊಟ್ಟೆ, ಪಾಂಕೋ, ಈ ಕ್ರಮ. ಪಾಂಕೋ ಮೇಲೆ ತುಂಡಿಟ್ಟು ಮೇಲಿಂದಲೂ ಪುಡಿ ಹರಡಿ ಅಂಗೈಯಲ್ಲಿ ಒತ್ತಿ, ಉಜ್ಜಬೇಡಿ. ಹಚ್ಚಿದ ಮೇಲೆ ಹತ್ತು ನಿಮಿಷ ಹಾಗೇ ಇಡಿ. ಮೊಟ್ಟೆ ತಿನ್ನದವರಿಗೆ ನಾಲ್ಕು ಚಮಚ ಮೈದಾಕ್ಕೆ ಅಷ್ಟೇ ನೀರು ಕಲಸಿ ಬಜ್ಜಿ ಹಿಟ್ಟಿಗಿಂತ ಸ್ವಲ್ಪ ತೆಳ್ಳಗೆ ಮಾಡಿ ಅದ್ದಿದರೆ ಸಾಕು, ಪಾಂಕೋ ಗಟ್ಟಿಯಾಗಿ ಹಿಡಿಯುತ್ತದೆ. ಸಿಹಿ ಕುಂಬಳ, ಇಲ್ಲಿನ ಕಬೋಚಾ, ಕಾಲು ಹೋಳು ತೆಳ್ಳಗೆ ಹೆಚ್ಚಿ ಮೈಕ್ರೋವೇವಿನಲ್ಲಿ ಒಂದು ನಿಮಿಷ ಇಟ್ಟೆ. ಗಟ್ಟಿ ತೋಫುವಿನ ಮೇಲೆ ಒಂದು ಗಂಟೆ ಭಾರ ಇಟ್ಟು ನೀರು ತೆಗೆದಿದ್ದೆ.

ಈಗ ಯಾರೂ ಮೊದಲೇ ಹೇಳದ ತೊಂದರೆ. ಊರಿಂದ ತಂದ ದುಂಡು ತಳದ ಬಾಣಲೆಯಲ್ಲಿ ಎಣ್ಣೆ ಇಟ್ಟೆ. ಕಾಯಲು ಶುರುವಾಗುತ್ತಿದ್ದಂತೆ ಉರಿ ತಾನಾಗೇ ಇಳಿಯಿತು. ಜಾಸ್ತಿ ಮಾಡಿದರೆ ಮತ್ತೆ ಇಳಿಯಿತು. ಗೆಳತಿ, "ಗ್ಯಾಸ್ ಮುಗೀತೇನ್ರೀ?" ಎಂದರು. ಪೈಪಿನ ಗ್ಯಾಸ್, ಮುಗಿಯುವುದಿಲ್ಲ. ವಿಷಯ ಏನೆಂದರೆ, 2008ರಿಂದ ಜಪಾನಿನಲ್ಲಿ ಮಾರುವ, ಎರಡು ಅಥವಾ ಹೆಚ್ಚು ಬರ್ನರಿನ ಮನೆ ಬಳಕೆಯ ಗ್ಯಾಸ್ ಒಲೆಗಳ ಎಲ್ಲ ಬರ್ನರಿಗೂ ಬಿಸಿ ಅಳೆಯುವ ಸೆನ್ಸರ್ ಕಡ್ಡಾಯ. ಎಣ್ಣೆಗೆ ಬೆಂಕಿ ಹತ್ತಬಾರದೆಂದು ಮಾಡಿದ್ದು. ಬರ್ನರಿನ ನಡುವೆ ಮೇಲೆದ್ದಿರುವ ಗುಂಡಿ ಪಾತ್ರೆಯ ತಳ ಮುಟ್ಟುತ್ತಿರಬೇಕು. ದುಂಡು ತಳ ಅದರ ಮೇಲೆ ಸರಿಯಾಗಿ ಕೂರುವುದಿಲ್ಲ, ಒಲೆ ಏನೇನೋ ಲೆಕ್ಕ ಹಾಕುತ್ತದೆ. ಪಾತ್ರೆ ಅಲುಗಾಡುವುದೂ ಅಪಾಯ. ಮಕ್ಕಳು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದರು. ಎದೆ ಡವಡವ ಎಂದಿತು. ಒಲೆ ಆರಿಸಿದೆ.

ಪಕ್ಕದ ಮನೆಯ ಅಜ್ಜಿಯ ಬಾಗಿಲು ತಟ್ಟಿದೆ. ಅವರು ಟೆಂಪುರಾ ಕರಿಯುವ ಚಪ್ಪಟೆ ತಳದ ಕಬ್ಬಿಣದ ಪಾತ್ರೆ ಕೊಟ್ಟರು, ಅಂಚಿಗೆ ಥರ್ಮಾಮೀಟರ್ ಸಿಕ್ಕಿಸಿದ್ದು. ಜೊತೆಗೆ ಅವರೇ ಬಂದು ನಮ್ಮ ಒಲೆಯ ಮುಂದಿನ ಮುಚ್ಚಳ ತೆಗೆದು 'ಅಗೆಮೊನೊ' ಗುಂಡಿ ತೋರಿಸಿದರು. ಅದನ್ನು ಒತ್ತಿ 170 ಡಿಗ್ರಿ ಎಂದರೆ ಒಲೆಯೇ ಎಣ್ಣೆಯ ಬಿಸಿ ಕಾಯುತ್ತದೆ. ಇಲ್ಲಿಗೆ ಹೊಸದಾಗಿ ಬಂದವರು ನಿಮ್ಮ ಒಲೆಯಲ್ಲಿ ಆ ಗುಂಡಿ ಇದೆಯಾ ನೋಡಿಕೊಳ್ಳಿ. ಪೂರಿಗೂ, ಹಪ್ಪಳಕ್ಕೂ ಉಪಯೋಗ.

ಹೊಸ ಎಣ್ಣೆಯಲ್ಲಿ ಮೊದಲು ಕುಂಬಳ, ತೋಫು. ಆಮೇಲೆ ಕೋಳಿ. ಈ ಕ್ರಮ ಮರೆಯಬೇಡಿ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಚಿಟಿಕೆ ಪಾಂಕೋ ಹಾಕಿ. ಅರ್ಧ ಮುಳುಗಿ ತಕ್ಷಣ ಮೇಲೆದ್ದು ಹರಡಿದರೆ ಹದ ಬಂತು. ಕೋಳಿ ಹಾಕಿದ ಮೇಲೆ ಎರಡು ನಿಮಿಷ ಮುಟ್ಟಬೇಡಿ. ಮೊದಲು ದೊಡ್ಡ ಗುಳ್ಳೆ, ಜೋರು ಸದ್ದು. ಒಳಗಿನ ನೀರು ಕಡಿಮೆಯಾಗುತ್ತಾ ಬಂದ ಹಾಗೆ ಗುಳ್ಳೆ ಸಣ್ಣದಾಗಿ, ಸದ್ದು ತೆಳುವಾಗುತ್ತದೆ. ಒಟ್ಟು ಐದಾರು ನಿಮಿಷಕ್ಕೆ ಹೊಂಬಣ್ಣ. ಎತ್ತಿ ತಂತಿ ಸ್ಟ್ಯಾಂಡಿನ ಮೇಲೆ ನೇರ ನಿಲ್ಲಿಸಿ ನಾಲ್ಕು ನಿಮಿಷ ಬಿಡಿ. ಒಳಗಿನ ಬಿಸಿಗೆ ಉಳಿದದ್ದು ಬೇಯುತ್ತದೆ. ಕಾಗದದ ಮೇಲೆ ಮಲಗಿಸಿದರೆ ತಳದ ಕಡೆ ಮೆತ್ತಗಾಗುತ್ತದೆ. ಒಂದು ತುಂಡು ನಡುವೆ ಕೊಯ್ದು ಒಳಗೆ ಎಲ್ಲೂ ಗುಲಾಬಿ ಇಲ್ಲ ಎಂದು ನೋಡಿಕೊಳ್ಳಿ.

ಬಡಿಸುವಾಗ ಕಟ್ಸುವಿನ ಮೇಲೆ ಪೂರ್ತಿ ಕರ್ರಿ ಸುರಿಯಬೇಡಿ. ಅಷ್ಟು ಕಷ್ಟಪಟ್ಟ ಗರಿಗರಿ ಎರಡು ನಿಮಿಷದಲ್ಲಿ ಹೋಗುತ್ತದೆ. ಅನ್ನ ಒಂದು ಕಡೆ, ಅದಕ್ಕೆ ಒರಗಿಸಿ ಬೆರಳಗಲ ಕೊಯ್ದ ಕಟ್ಸು, ಅಂಚಿಗೆ ಮಾತ್ರ ಕರ್ರಿ ತಾಗಲಿ. ಪಕ್ಕಕ್ಕೆ ಐಸ್ ನೀರಿನಲ್ಲಿ ಐದು ನಿಮಿಷ ನೆನೆದ ಎಲೆಕೋಸಿನ ಎಳೆ. ಕಟ್ಲೆಟ್ಟಿನ ಜೊತೆ ಹಸಿ ಕೋಸು ಇಡುವುದು ಟೋಕಿಯೋದ ಗಿಂಜಾ ಬಡಾವಣೆಯ ರೆಂಗಾತೆ ಎಂಬ ಹೋಟೆಲಿನಲ್ಲಿ ಶುರುವಾಯಿತಂತೆ, ರಷ್ಯಾ-ಜಪಾನ್ ಯುದ್ಧದ ಹೊತ್ತಿಗೆ ಅಡುಗೆಯ ಹುಡುಗರು ಸೈನ್ಯಕ್ಕೆ ಹೋಗಿ ಕೈ ಸಾಲದಾದಾಗ. ಕಟ್ಲೆಟ್ ಮತ್ತು ಕರ್ರಿ ಒಂದೇ ತಟ್ಟೆಗೆ ಬಂದ ಕಥೆಯೂ ಗಿಂಜಾದ್ದೇ. 1948ರಲ್ಲಿ ಗ್ರಿಲ್ ಸ್ವಿಸ್ ಎಂಬ ಹೋಟೆಲಿನಲ್ಲಿ ಜೈಂಟ್ಸ್ ತಂಡದ ಬೇಸ್‌ಬಾಲ್ ಆಟಗಾರ ಚಿಬಾ ಶಿಗೆರು, ಕರ್ರಿಯ ಮೇಲೇ ಕಟ್ಲೆಟ್ ಇಟ್ಟು ಕೊಡಿ ಎಂದರಂತೆ. ಅಸಾಕುಸಾದಲ್ಲಿ ಅದಕ್ಕೂ ಮೊದಲು, 1918ರಲ್ಲೇ ಇತ್ತು ಎನ್ನುವವರೂ ಇದ್ದಾರೆ.

ಮಕ್ಕಳಿಬ್ಬರೂ ಶಾಲೆಯಲ್ಲಿ ಹೇಳುವ ಹಾಗೆ ಕೈ ಜೋಡಿಸಿ 'ಇತಾದಾಕಿಮಾಸ್' ಎಂದು ಶುರು ಮಾಡಿದರು. ಮೊದಲ ಐದು ನಿಮಿಷ ಯಾರದ್ದೂ ಮಾತಿಲ್ಲ, ಕಟ್ಸು ಮುರಿಯುವ ಸದ್ದು ಮಾತ್ರ. ಗೆಳತಿಯ ಮಗ ಕುಂಬಳದ್ದು ಮುಗಿಸಿ ತೋಫುವಿನದ್ದು ಇನ್ನೊಂದು ಕೇಳಿದ. ನಮ್ಮ ಮನೆಯವರು ರಕ್ಯೋ ನಂಚಿಕೊಂಡು ಎರಡನೇ ಸಲ ಅನ್ನ ಹಾಕಿಸಿಕೊಂಡರು. ಅಜ್ಜಿಗೆ ಪಾತ್ರೆ ವಾಪಸ್ ಕೊಡುವಾಗ ಒಂದು ಡಬ್ಬಿ ಕರ್ರಿಯನ್ನೂ ಕೊಟ್ಟೆ. ಡಬ್ಬದ ರೂ ಹಾಕಿಲ್ಲ ಎಂದರೆ ಅವರು ನಂಬಲೇ ಇಲ್ಲ. ನನಗೆ ಆದ ಸಂತೋಷ ಹೇಳತೀರದು.

ಉಳಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ, ಪೈಪು ಕಟ್ಟುತ್ತದೆ. ಎಣ್ಣೆ ಗಟ್ಟಿ ಮಾಡುವ ಪುಡಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ನಮ್ಮ ಹರಳೆಣ್ಣೆಯಿಂದ ತೆಗೆದ ಪದಾರ್ಥ ಅದು. ಒಲೆ ಆರಿಸಿದ ಮೇಲೆ, ಎಣ್ಣೆ ಬಿಸಿ ಇರುವಾಗಲೇ ಹಾಕಿ ಕದಡಿ ಬಿಟ್ಟರೆ ಆರಿದ ಮೇಲೆ ಬಿಲ್ಲೆಯಾಗಿ ಎದ್ದು ಬರುತ್ತದೆ. ಸುಡುವ ಕಸದ ದಿನ ಅದನ್ನು ಚೀಲದಲ್ಲಿ ಹಾಕಿ ಇಡಬಹುದು.

ಖರ್ಚು ಕೇಳುವವರಿಗೆ: ಕೋಳಿಗೆ 550 ಯೆನ್ ಹತ್ತಿರ, ಬೆಣ್ಣೆಗೆ 450 ದಾಟಿತು, ಇಲ್ಲಿ ಬೆಣ್ಣೆ ದುಬಾರಿ. ಎಣ್ಣೆ, ಪಾಂಕೋ, ಕೊಂಬು, ತರಕಾರಿ, ಪುಡಿ ಎಲ್ಲ ಸೇರಿ 3,000 ಯೆನ್ ಸುತ್ತಮುತ್ತ. ಅಕ್ಕಿ ಈ ಲೆಕ್ಕದಲ್ಲಿಲ್ಲ. 2025ರಲ್ಲಿ 5 ಕೆಜಿಗೆ 4,000 ಯೆನ್ ದಾಟಿದ ಮೇಲೆ ಅದರ ಲೆಕ್ಕವೇ ಬೇರೆ ಇಡುತ್ತಿದ್ದೇನೆ. ಎರಡು ಮನೆಯವರು ಹೊಟ್ಟೆ ತುಂಬಾ ಉಂಡು ಮಿಕ್ಕಿತು. ಪುಡಿ, ಸಾಸು, ಅರ್ಧಕ್ಕಿಂತ ಜಾಸ್ತಿ ಬೆಣ್ಣೆ ಮುಂದಿನ ಸಲಕ್ಕೆ ಉಳಿದಿದೆ.

ಮಿಕ್ಕ ಕರ್ರಿಯನ್ನು ಫ್ರೀಜರಿನಲ್ಲಿ ಇಡುವುದಾದರೆ ಆಲೂಗಡ್ಡೆ ತೆಗೆದುಬಿಡಿ ಅಥವಾ ಹಿಸುಕಿ ಬೆರೆಸಿಬಿಡಿ, ಹಾಗೇ ಇಟ್ಟರೆ ಸ್ಪಂಜಿನ ಹಾಗಾಗುತ್ತದೆ. ಪಾಂಕೋ ಹಚ್ಚಿದ ಕೋಳಿ ತುಂಡುಗಳನ್ನು ಕರಿಯದೆ ಒಂದೊಂದಾಗಿ ಸುತ್ತಿ ಫ್ರೀಜ್ ಮಾಡಬಹುದು. ನಾನು ಒಂದಿಷ್ಟು ಹಾಗೆ ಇಟ್ಟಿದ್ದೇನೆ. ಮುಂದಿನ ತಿಂಗಳ ಊಟದ ಪಟ್ಟಿ ಬಂದಿದೆ, 17ನೇ ತಾರೀಕು ಕರ್ರಿ.